ಸೈಡ್‌ವಿಂಗ್ ಇಲ್ಲದ ಊರಿನಲ್ಲಿ

ಠಾಕುರ್ಲಿ

ಇಪ್ಪತ್ತೆರಡು ವರ್ಷಗಳಿಂದ ನಾನು ನಾಟಕದಲ್ಲಿದ್ದೇನೆ. ಆದರೆ ನನ್ನನ್ನು ರಂಗದ ಮೇಲೆ ನೋಡಿದವರು ಯಾರೂ ಇರಲಿಲ್ಲ. ನಾನು ಪ್ರಾಂಪ್ಟರ್. ಸೈಡ್‌ವಿಂಗಿನ ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಸ್ಕ್ರಿಪ್ಟು, ಕೈಯಲ್ಲಿ ಸಣ್ಣ ಟಾರ್ಚು ಹಿಡಿದು, ಮಾತು ಮರೆತವರ ಕಿವಿಗೆ ಮಾತು ಹಾಕುವುದು ನನ್ನ ಕೆಲಸ. ನಿವೃತ್ತಿಯಾಗುವವರೆಗೆ ರಬಾಳೆಯ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೆ. ಅಲ್ಲಿಯೂ ಹೆಚ್ಚುಕಡಿಮೆ ಇದೇ ಕೆಲಸ. ಮ್ಯಾನೇಜರರು ಮೀಟಿಂಗಿನಲ್ಲಿ ಮರೆತದ್ದನ್ನು ಹಿಂದಿನ ಕುರ್ಚಿಯಿಂದ ಮೆಲ್ಲಗೆ ಹೇಳುವುದು.

ನಾನಿರುವುದು ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ. ನಮ್ಮದು ಪಕ್ಕದ ಡೊಂಬಿವಲಿಯ ಹವ್ಯಾಸಿ ತಂಡ, ಈಗ ಒಟ್ಟು ಒಂಬತ್ತು ಜನ. ನಾನು ಧಾರವಾಡ ಕಡೆಯವಳು. ಇನ್ನೊಬ್ಬರು ಬೆಂಗಳೂರಿನವರು, ಉಳಿದವರು ಹೆಚ್ಚಾಗಿ ಉಡುಪಿ, ಕುಂದಾಪುರದವರು. ತಂಡದ ಮುಖ್ಯ ನಟ ಸಂಜೀವ ಶೆಟ್ಟರು. ಠಾಣೆಯ ನೌಪಾಡಾದಲ್ಲಿ ಅವರ ಹೊಟೇಲಿದೆ. ಆರಡಿ ಎತ್ತರ, ಅದಕ್ಕೆ ತಕ್ಕ ಗಂಟಲು. ಹಸ್ತಿನಾಪುರದಿಂದ ವಿಜಯನಗರದವರೆಗೆ ನಮ್ಮ ನಾಟಕಗಳ ಎಲ್ಲ ರಾಜರೂ ಅವರೇ. ನವೆಂಬರ್ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗೆ ಎಲ್ಲ ಕನ್ನಡ ವೇದಿಕೆಗಳಲ್ಲೂ ನಾಡು ನುಡಿಯ ಬಗ್ಗೆ ಭಾಷಣ ಮಾಡುವವರೂ ಅವರೇ.

ಅವರಲ್ಲಿ ಒಂದೇ ದೋಷ. ಮನೆಯಲ್ಲಿ ಕೂತು ಮಾತು ಬಾಯಿಪಾಠ ಮಾಡಿ ಬಂದವರೇ ಅಲ್ಲ. ರಿಹರ್ಸಲ್ಲಿಗೆ ಬಂದೊಡನೆ ಜೇಬು ತಡವಿಕೊಂಡು, ಕನ್ನಡಕ ಹೊಟೇಲಿನಲ್ಲೇ ಉಳಿಯಿತು, ನೀವೇ ಒಮ್ಮೆ ಓದಿ ಹೇಳಿ ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಮೂರು ಸಲ ಓದಿದರೆ ಅವರಿಗೆ ಎಲ್ಲ ಬಂದುಬಿಡುತ್ತಿತ್ತು. ಹೊಟೇಲಿನ ಮಾಲೀಕರಿಗೆ ಸೋಮಾರಿತನ ಸಹಜ ಎಂದುಕೊಂಡು ನಾನೂ ಸುಮ್ಮನಿದ್ದೆ.

ಇಷ್ಟರಲ್ಲಿ ನಮಗೊಬ್ಬ ಹೊಸ ನಿರ್ದೇಶಕಿ ಸಿಕ್ಕಳು. ಅದಿತಿ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾಟಕ ಕಲಿತು ಬಂದಿದ್ದಳು. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಅವಳ ಸ್ಕ್ರಿಪ್ಟು ಇಂಗ್ಲಿಷ್ ಅಕ್ಷರಗಳಲ್ಲಿ, ಇನ್ನಿಬ್ಬರದು ನಾಗರಿಯಲ್ಲಿ, ನಮ್ಮದು ಕನ್ನಡದಲ್ಲಿ. ಒಂದೇ ನಾಟಕ, ಮೂರು ಲಿಪಿ. ತನಗೆ ಕನ್ನಡ ಓದಲು ಬಾರದೆಂದು ಅದಿತಿ ಯಾರೆದುರಿಗಾದರೂ ನಗುನಗುತ್ತಲೇ ಹೇಳುತ್ತಿದ್ದಳು.

ಅವಳು ತಂದದ್ದು ಎರಡೂವರೆ ಸಾವಿರ ವರ್ಷ ಹಿಂದಿನ ಗ್ರೀಕ್ ನಾಟಕಕಾರನೊಬ್ಬನ ದುರಂತ ನಾಟಕ. ಅಣ್ಣಂದಿರಿಬ್ಬರು ಸಿಂಹಾಸನಕ್ಕಾಗಿ ಬಡಿದಾಡಿಕೊಂಡು ಸತ್ತಿದ್ದಾರೆ. ಹೊಸದಾಗಿ ರಾಜನಾದ ಸೋದರಮಾವ ಒಬ್ಬನಿಗೆ ಸಂಸ್ಕಾರ ಮಾಡಿಸಿ, ಇನ್ನೊಬ್ಬ ದೇಶದ್ರೋಹಿ, ಅವನನ್ನು ನಾಯಿ ನರಿಗೆ ಬಿಡಿ ಎಂದು ಆಜ್ಞೆ ಮಾಡುತ್ತಾನೆ. ತಂಗಿ ಆಜ್ಞೆ ಮೀರಿ ಅಣ್ಣನ ಹೆಣದ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಾಳೆ. ರಾಜ ಅವಳನ್ನು ಗವಿಯಲ್ಲಿ ಹಾಕಿ ಮುಚ್ಚಿಸುತ್ತಾನೆ. ನಿಯಮ ಅಂದರೆ ನಿಯಮ ಎನ್ನುವ ಈ ರಾಜನನ್ನು ಓದಿದಾಗ ನನಗೆ ನಮ್ಮ ಸೊಸೈಟಿಯ ಸೆಕ್ರೆಟರಿ ನೆನಪಾದರು. ತಂಗಿಯ ಪಾತ್ರ ಅದಿತಿಗೆ, ರಾಜ ಶೆಟ್ಟರು.

ಗ್ರೀಸಿನ ಒಂದು ಹಳ್ಳಿಯಲ್ಲಿ ಪುರಾತನ ಕಲ್ಲಿನ ರಂಗಮಂದಿರವಿದೆಯಂತೆ. ಬೇಸಿಗೆಯಲ್ಲಿ ಅಲ್ಲಿ ಬೇರೆ ಬೇರೆ ದೇಶದ ಹವ್ಯಾಸಿಗಳು ಆ ಒಬ್ಬನೇ ನಾಟಕಕಾರನ ಕೃತಿಗಳನ್ನು ತಮ್ಮ ತಮ್ಮ ಭಾಷೆಯಲ್ಲಿ ಆಡುತ್ತಾರಂತೆ. ಅದಿತಿ ನಮ್ಮದೊಂದು ವಿಡಿಯೋ ಕಳಿಸಿದಳು. ಬನ್ನಿ ಎಂದು ಕರೆ ಬಂತು.

ಹೊರಡಲು ಮೂರು ವಾರ ಇರುವಾಗ ಅವಳು ಅನುವಾದದ ಭಾಷೆ ಹಳತಾಯಿತೆಂದು ಇಡೀ ಸ್ಕ್ರಿಪ್ಟು ಬದಲಿಸಿದಳು. ಹೊಸ ಪುಟಗಳು ಎಲ್ಲರ ಫೋನಿಗೆ ಬಂದವು. ಎರಡೇ ರಿಹರ್ಸಲ್ ಆದವು. ನನ್ನ ಯಜಮಾನರ ಕಣ್ಣಿನ ಪೊರೆಯ ಆಪರೇಷನ್ ಇದ್ದದ್ದರಿಂದ ಎರಡಕ್ಕೂ ನಾನು ಹೋಗಲಿಲ್ಲ. ಆ ಎರಡೂ ದಿನ ಶೆಟ್ಟರು ತಡವರಿಸಿದರೆಂದು ಅದಿತಿ ಫೋನಿನಲ್ಲಿ ದೂರು ಹೇಳಿದಳು. ವಿಮಾನದಲ್ಲಿ ಓದ್ತಾರ ಬಿಡು ಎಂದೆ. ವಿಮಾನದಲ್ಲಿ ಅವರು ಉದ್ದಕ್ಕೂ ನಿದ್ದೆ ಮಾಡಿದರು.

ಅಥೆನ್ಸ್

ಅಥೆನ್ಸಿನಲ್ಲಿ ನಾನು ಒಂದೂವರೆ ದಿನ ಬ್ರೆಡ್ಡು, ಸೌತೆಕಾಯಿಯ ಮೇಲೆ ಬದುಕಿದೆ. ತಪ್ಪು ಯಾರದೂ ಅಲ್ಲ, ಒಂದು ಅಕ್ಷರದ್ದು. ಅಂಗಡಿಯಲ್ಲಿ ಪಾಲಕದ ಪದರು ರೊಟ್ಟಿಯಂಥದ್ದು ಕಾಣಿಸಿತು. ವೆಜ್ ಹೌದೇ ಎಂದು ಕೇಳಿದೆ. ಅಂಗಡಿಯವಳು ‘ನೆ’ ಎಂದಳು. ನಲವತ್ತು ವರ್ಷ ಮುಂಬಯಿ ಕಡೆ ಬದುಕಿದವಳಿಗೆ ‘ನೆ’ ಅಂದರೆ ಇಲ್ಲ ಎಂದೇ ಕೇಳಿಸುವುದು. ಮುಂದಿನ ಅಂಗಡಿಯಲ್ಲಿ ಅಕ್ಕಿ ತುಂಬಿದ ದೊಣ್ಣೆಮೆಣಸಿನಕಾಯಿ ತೋರಿಸಿದೆ. ‘ನೆ.’ ಹುರುಳಿಕಾಯಿ ಪಲ್ಯ ತೋರಿಸಿದೆ. ‘ನೆ.’ ಹುರುಳಿಕಾಯಿಯಲ್ಲೂ ಮಾಂಸ ಹಾಕುವ ಜನ ಎಂತಹವರಿರಬೇಕು ಎಂದು ಬೆರಗಾಗುತ್ತ ಮತ್ತೊಂದು ಸೌತೆಕಾಯಿ ಕೊಂಡೆ. ‘ನೆ’ ಎಂದರೆ ಗ್ರೀಕಿನಲ್ಲಿ ಹೌದು ಎಂದರ್ಥವೆಂದು ಮರುದಿನ ಅದಿತಿ ಹೇಳಿದಾಗ ನನಗೆ ಬಂದ ಸಿಟ್ಟಿಗೆ ಪದರು ರೊಟ್ಟಿ ಮೂರು ತಿಂದೆ.

ಎರಡನೆಯ ಸಂಕಟ ಅವರ ಲಿಪಿ. ಕೆಲವು ಅಕ್ಷರ ಇಂಗ್ಲಿಷಿನ ಹಾಗೆಯೇ ಇವೆ, ಆದರೆ ಉಚ್ಚಾರ ಬೇರೆ. ಇಂಗ್ಲಿಷಿನ ‘ಪಿ’ಯ ಹಾಗಿರುವುದು ಅಲ್ಲಿ ‘ರ’. ಗುರುತಿನವರೆಂದು ಹತ್ತಿರ ಹೋದರೆ ಬೇರೆ ಯಾರೋ ಆಗಿರುವಂತೆ. ಹಳೆಯ ಪೇಟೆ ಸುತ್ತಾಡಿ ಹೊರಬಿದ್ದಾಗ ನಮಗೆ ದಾರಿ ತಪ್ಪಿತು. ಅದಿತಿಯ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಬೀದಿಯ ಹೆಸರು ಬರೆದುಕೊಂಡ ಚೀಟಿ ನನ್ನ ಕೈಯಲ್ಲಿತ್ತು, ಆದರೆ ಅದನ್ನು ನಾನು ಬರೆದದ್ದು ಕನ್ನಡದಲ್ಲಿ. ಎಂಟು ಜನ ಮೂಲೆಯಲ್ಲಿ ನಿಂತು ಹಲಗೆಗಳನ್ನು ದಿಟ್ಟಿಸಿದೆವು.

ಶೆಟ್ಟರು ಮಾತ್ರ ಹಲಗೆಯ ಕಡೆ ಕಣ್ಣೆತ್ತಲಿಲ್ಲ. ಬನ್ನಿ ಎಂದು ಮುಂದೆ ನಡೆದರು. ಕನ್ನಡಿ ಅಂಗಡಿಯ ಹತ್ತಿರ ಎಡಕ್ಕೆ, ಬ್ರೆಡ್ಡಿನ ವಾಸನೆ ಬರುವಲ್ಲಿ ಬಲಕ್ಕೆ, ನೀಲಿ ಬಾಗಿಲು, ಒಡೆದ ಪೈಪು, ಮೂರು ಬೆಕ್ಕು. ಬೆಕ್ಕುಗಳು ಸಹ ಅಲ್ಲೇ ಇದ್ದವು. ಹತ್ತು ನಿಮಿಷದಲ್ಲಿ ನಾವು ಉಳಿದಿದ್ದ ಮನೆಯ ಮುಂದೆ ನಿಂತಿದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಚೇಷ್ಟೆಗೆಂದು, “ಏನ್ರಿ ಶೆಟ್ಟರ, ಇಲ್ಲಿ ನಾವೆಲ್ಲಾರೂ ಹೆಬ್ಬೆಟ್ಟು, ನೀವೊಬ್ಬರ ಪಂಡಿತರು ನೋಡ್ರಿ” ಎಂದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಗುವ ಶೆಟ್ಟರು ಆ ಸಲ ನಗಲಿಲ್ಲ. ಬೀಗದ ಕೈ ಹುಡುಕುತ್ತಿದ್ದರು.

ಹಳ್ಳಿ

ಬಸ್ಸು ನಾಲ್ಕು ಗಂಟೆ ಆಲಿವ್ ತೋಟಗಳ ನಡುವೆ ತಿರುಗಿ ತಿರುಗಿ ನಮ್ಮನ್ನು ಇಳಿಸಿದಾಗ ಮಧ್ಯಾಹ್ನ ಎರಡು ಗಂಟೆ. ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲ ಅಂಗಡಿ ಬಂದ್, ಎಲ್ಲ ಕಿಟಕಿ ಬಂದ್. ಏನೋ ಸಾವು ಆಗಿರಬೇಕೆಂದು ನಮ್ಮವರೊಬ್ಬರು ಪಿಸುಗುಟ್ಟಿದರು. ಸಾವಲ್ಲ, ನಿದ್ದೆ. ಐದು ಗಂಟೆಯವರೆಗೆ ಇಡೀ ಊರು ಮಲಗುತ್ತದೆ. ಪುಣೆಯ ಅಂಗಡಿಕಾರರೇ ಮಧ್ಯಾಹ್ನದ ನಿದ್ದೆಯಲ್ಲಿ ಜಗತ್ತಿಗೆ ಮೊದಲಿಗರೆಂದು ನಂಬಿದ್ದೆ. ಆ ನಂಬಿಕೆ ಅಲ್ಲಿ ಹೋಯಿತು.

ನಮ್ಮನ್ನು ಉಳಿಸಿಕೊಂಡವರು ಎಲೆನಿ ಎಂಬ ನಿವೃತ್ತ ಶಾಲಾ ಶಿಕ್ಷಕಿ, ನನಗಿಂತ ಹತ್ತು ವರ್ಷ ದೊಡ್ಡವರು. ಬೇಡ ಎನ್ನಲು ಆಕೆ ಮಾತಾಡುತ್ತಿರಲಿಲ್ಲ, ಹುಬ್ಬೆತ್ತಿ ತಲೆ ತುಸು ಹಿಂದಕ್ಕೆ ಎಸೆಯುತ್ತಿದ್ದರು. ನಾವು ಒಪ್ಪಿಗೆಗೆ ತಲೆ ಅಲ್ಲಾಡಿಸುವುದನ್ನು ನೋಡಿ, ನಿಮ್ಮ ಕುತ್ತಿಗೆಗೆ ಏನಾದರೂ ತೊಂದರೆಯೇ ಎಂದು ಕೇಳಿದರು. ಅವರು ಕೊಟ್ಟ ಕಾಫಿಯ ಅರ್ಧ ಲೋಟ ಗಸಿ. ಶೆಟ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಸೋಸಲಿಕ್ಕೆ ಬಟ್ಟೆ ಇಲ್ಲವಾ ಪಾಪ ಎಂದರು. ಆಮೇಲೆ ಅಡುಗೆಮನೆಗೇ ಹೋಗಿ ಎರಡು ಭಾಷೆಯಲ್ಲಿ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಯಾರಿಗೆ ಏನು ತಿಳಿಯಿತೋ, ಹೊರಗೆ ಬಂದಾಗ ಗೆಳೆಯರಾಗಿದ್ದರು.

ಸಂಜೆ ಎಲೆನಿ ರಂಗಮಂದಿರ ತೋರಿಸಿದರು. ಗುಡ್ಡದ ಇಳಿಜಾರಿನಲ್ಲಿ ಬೀಸಣಿಗೆ ಬಿಚ್ಚಿದಂತೆ ಕಲ್ಲಿನ ಮೆಟ್ಟಿಲುಗಳು, ಕೆಳಗೆ ದುಂಡನೆಯ ಮಣ್ಣಿನ ಅಂಗಳ, ಅಷ್ಟೆ. ಪರದೆ ಇಲ್ಲ, ಛಾವಣಿ ಇಲ್ಲ. ನಾನು ಸುತ್ತಲೂ ನೋಡಿದೆ. ಸೈಡ್‌ವಿಂಗ್ ಇಲ್ಲ. ಸ್ಟೂಲು ಹಾಕಲು ಒಂದು ಕಂಬದ ಮರೆಯೂ ಇಲ್ಲ. ಸಂಸಾರದ ಸಾಮಾನೆಲ್ಲ ಬೀದಿಗೆ ಬಂದವಳ ಹಾಗೆ ನಿಂತೆ.

ಎಲೆನಿ ನಮ್ಮವರನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಿ, ಅಂಗಳದ ನಡುವೆ ನಿಂತು ಒಂದು ಕಾಗದ ಹರಿದರು. ಪರ್ ಎಂಬ ಸದ್ದು ಮೇಲಿನವರೆಗೆ ಕೇಳಿಸಿತಂತೆ. ನಾನು ಮತ್ತು ಅದಿತಿ ಕೆಳಗೇ ಇದ್ದೆವು, ಆ ಚಮತ್ಕಾರ ನಮಗೆ ಗೊತ್ತಾಗಲಿಲ್ಲ. ಅವಳಿಗೆ ಚಿಂತೆ. ಪಿಸುಮಾತಿನಲ್ಲಿ ಕೇಳಿದಳು, “ಆಂಟಿ, ಶೆಟ್ಟಿ ಅಂಕಲ್‌ದು ಲೈನ್ಸ್ ಆಯ್ತಾ? ಇಲ್ಲಿ ಪ್ರಾಂಪ್ಟಿಂಗ್ ಇಂಪಾಸಿಬಲ್ ಆಹೆ.”

ನಾನೂ ಪಿಸುಮಾತಿನಲ್ಲೇ, “ಎರಡು ಪುಟಾ ಸೈತ ಓದಿಲ್ಲ ನೋಡ. ಹೊಟೇಲ ಮಾಲಕರು, ಕುಂತಲ್ಲೇ ತಾಟು ಬರಬೇಕವರಿಗೆ” ಎಂದೆ.

ಅಷ್ಟು ಆಳದಲ್ಲಿ, ಅಷ್ಟು ಮೆಲ್ಲಗೆ ಹೇಳಿದ್ದೆ. ತಲೆಯೆತ್ತಿದಾಗ ತುತ್ತತುದಿಯ ಸಾಲಿನಿಂದ ಏಳು ಮುಖಗಳು ನನ್ನನ್ನೇ ನೋಡುತ್ತಿದ್ದವು. ಅದರಲ್ಲಿ ಒಂದು ಶೆಟ್ಟರದು.

ಅವರು ನಿಧಾನವಾಗಿ ಇಳಿದು ಬಂದರು. ಊಟದ ಹೊತ್ತಿಗೆ ಅದಿತಿ ಎಲ್ಲರೆದುರು ಸ್ಪಷ್ಟವಾಗಿ ಹೇಳಿದಳು: ನಾಟಕ ನಾಳೆ ಸಂಜೆ, ಮಧ್ಯಾಹ್ನದೊಳಗೆ ರಾಜನ ಮಾತು ಬರದಿದ್ದರೆ, ಕಾವಲುಗಾರನ ಪಾತ್ರದವನು ರಾಜನಾಗುತ್ತಾನೆ, ಅಂಕಲ್ ಭರ್ಜಿ ಹಿಡಿದು ನಿಂತರೆ ಸಾಕು. ಶೆಟ್ಟರು ಆಗಲಿ ಎಂದರು.

ಎಲೆನಿಯ ಅಂಗಳ

ಬೆಳಿಗ್ಗೆ ಅವರು ನಿಂಬೆ ಗಿಡದ ಕೆಳಗೆ ಒಬ್ಬರೇ ಕೂತಿದ್ದರು. ಕ್ಷಮೆ ಕೇಳಬೇಕಿತ್ತು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ಸ್ಕ್ರಿಪ್ಟಿನಿಂದ ರಾಜನ ಮೊದಲ ಭಾಷಣದ ಹಾಳೆ ತೆಗೆದುಕೊಂಡು ಹೋದೆ. ಇದೊಂದು ಕಲಿತರೆ ಅದಿತಿ ಸುಮ್ಮನಾಗುತ್ತಾಳೆ ಎಂದೆ.

ಅವರು ಹಾಳೆ ತೆಗೆದುಕೊಂಡು ಮುಖದೆದುರು ಹಿಡಿದರು. ಜೇಬಿನಿಂದ ಕನ್ನಡಕವನ್ನೂ ತೆಗೆದು ಹಾಕಿಕೊಂಡರು. ಆಮೇಲೆ ಗಂಭೀರವಾಗಿ, ಒಂದು ತೊದಲೂ ಇಲ್ಲದೆ ರಾಜನ ಭಾಷಣ ಓದಿದರು. ಅದು ಹಳೆಯ ಅನುವಾದದ್ದು. ಆರು ತಿಂಗಳ ಹಿಂದೆ ನಾನೇ ಓದಿ ಹೇಳಿದ್ದು, ನನ್ನ ಉಸಿರು ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲೇ ನಿಲ್ಲಿಸಿ ಹೇಳಿದರು.

ತಿದ್ದಲೆಂದು ಬಗ್ಗಿ ಹಾಳೆ ನೋಡಿದೆ. ಅವಸರದಲ್ಲಿ ನಾನು ತಂದದ್ದು ಬೇರೆಯೇ ಹಾಳೆ. ಅದರಲ್ಲಿ ಇದ್ದದ್ದು ಮೇಳದವರ ಹಾಡು. ರಾಜನ ಒಂದು ಮಾತೂ ಅದರಲ್ಲಿರಲಿಲ್ಲ.

ಇಪ್ಪತ್ತೆರಡು ವರ್ಷದ ಕನ್ನಡಕಗಳೆಲ್ಲ ಆ ಕ್ಷಣ ನನ್ನ ಕಣ್ಣ ಮುಂದೆ ಬಂದವು. ಹಲಗೆ ನೋಡದೆ ದಾರಿ ಹಿಡಿದ ಕಾಲುಗಳು, ನಗದೆ ಹುಡುಕಿದ ಬೀಗದ ಕೈ. ಹೆಬ್ಬೆಟ್ಟು ಎಂದದ್ದು ನಾನೇ. ಆದರೆ ಏನೂ ಆಗಿಲ್ಲವೆಂಬಂತೆ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಅಕ್ಷರ ಭಾಳ ಸಣ್ಣದ ಅದ, ನಾನ ಓದಿ ಹೇಳತೀನಿ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕನ್ನಡಕ ತೆಗೆದು, ಕಣ್ಣು ಮುಚ್ಚಿಕೊಂಡರು.

ಊಟದವರೆಗೆ ಓದಿದೆ. ಮೊದಲ ಅರ್ಧ ಅವರಿಗೆ ಬಂತು. ಉಳಿದ ಅರ್ಧಕ್ಕೆ ಹೊತ್ತು ಸಾಲದು, ಗಂಟಲೂ ಸಾಲದು. ಆಗ ಶೆಟ್ಟರೇ ಒಂದು ದಾರಿ ಹೇಳಿದರು.

“ಮೇಡಂ, ನಮ್ಮ ಊರಲ್ಲಿ ಯಕ್ಷಗಾನ ಉಂಟಲ್ಲ, ಅದರಲ್ಲಿ ಯಾರೂ ಬಾಯಿಪಾಠ ಮಾಡುದಿಲ್ಲ. ಭಾಗವತರು ಪದ ಹೇಳ್ತಾರೆ, ವೇಷದವ ಅರ್ಥ ಹೇಳ್ತಾನೆ. ನೀವು ಮೇಳದೊಟ್ಟಿಗೆ ನಿಲ್ಲಿ. ಎರಡು ಸಾಲು ಮೊದಲು ನೀವು ಹೇಳಿ. ಮತ್ತೆ ನಾನುಂಟು.”

ನಾನು ರಂಗದ ಮೇಲೆ ನಿಲ್ಲುವವಳಲ್ಲ ಎಂದೆ. ಎತ್ತರ ಇಲ್ಲ, ಧ್ವನಿ ಇಲ್ಲ. ಅವರು ಒತ್ತಾಯ ಮಾಡಲಿಲ್ಲ. ಹಾಗಾದರೆ ನಾನು ಭರ್ಜಿ ಹಿಡೀತೇನೆ ಬಿಡಿ ಎಂದು ಎದ್ದರು. ಆರಡಿ ಎತ್ತರದ ಮನುಷ್ಯ ಭರ್ಜಿ ಹಿಡಿದು ಮೂಲೆಯಲ್ಲಿ ನಿಂತದ್ದನ್ನು ಊಹಿಸಿಕೊಂಡೆ. ಕೂಡ್ರಿ ಎಂದೆ.

ಅದಿತಿಗೆ ನಾವು ಇದನ್ನು ಪ್ರಯೋಗ ಎಂದು ಮಾರಿದೆವು. ಮೇಳವೆಂದರೆ ಜನ. ಜನ ಮೊದಲು ಹೇಳುತ್ತಾರೆ, ರಾಜ ಅದನ್ನೇ ಹಿಗ್ಗಿಸುತ್ತಾನೆ. ಅವಳು ಉಗುರು ಕಚ್ಚುತ್ತ, “ರಿಸ್ಕ್ ಹೈ ಆಂಟಿ, ಲೇಕಿನ್ ಮಸ್ತ್ ಹೈ” ಎಂದಳು. ವೇಷಕ್ಕೆಂದು ಎಲೆನಿ ತಮ್ಮ ತಾಯಿಯ ಕರಿಯ ತಲೆವಸ್ತ್ರ ಕೊಟ್ಟು, ಗದ್ದದ ಕೆಳಗೆ ತಾವೇ ಗಂಟು ಹಾಕಿದರು.

ಕಲ್ಲಿನ ಮೆಟ್ಟಿಲು

ಬಿಸಿಲು ಇಳಿಯುವ ಮೊದಲೇ ಊರಿನವರು ದಿಂಬು ಬಗಲಲ್ಲಿಟ್ಟುಕೊಂಡು ಬಂದರು. ಕಲ್ಲು ಕಾದಿರುತ್ತದೆ, ಅನುಭವಸ್ಥರು. ನಮ್ಮಲ್ಲಿ ಶೇಂಗಾ ತಿನ್ನುವಂತೆ ಅಲ್ಲಿ ಕುಂಬಳಬೀಜ ಬಿಡಿಸಿ ತಿನ್ನುತ್ತಾರೆ. ಸಿಪ್ಪೆ ಒಡೆಯುವ ಸದ್ದು ಅಂಗಳಕ್ಕೆ ಮಳೆಯಂತೆ ಕೇಳಿಸುತ್ತಿತ್ತು.

ರಾಜನ ಪ್ರವೇಶವಾಯಿತು. ನಾನು ಭಾಗವತರ ಹಾಗೆ ಎರಡು ಸಾಲು ಎಳೆದು ಹೇಳಿದೆ. ಶೆಟ್ಟರು ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ. ಅದಿತಿ ಬರೆದದ್ದು ಅರ್ಧ ಪುಟ, ಅವರು ಆಡಿದ್ದು ಮೂರು ಪುಟ. ನಡುವೆ ನವೆಂಬರಿನ ಭಾಷಣದ ತುಣುಕೊಂದು ನುಸುಳಿತು, ನಾಡಿಗಾಗಿ ರಕ್ತ ಕೊಡಬೇಕು ಎಂದೇನೋ. ಗ್ರೀಕರಿಗೆ ಅದು ಪುರಾತನವೆಂದೇ ಕಂಡಿರಬೇಕು. ಹಿಡಿ ಮಣ್ಣು ಹಿಡಿದು ಪ್ರವೇಶಕ್ಕೆ ಕಾದಿದ್ದ ಅದಿತಿಯ ಬೆರಳಿನ ಸಂದಿಯಿಂದ ಮಣ್ಣೆಲ್ಲ ಸೋರಿ, ಅವಳು ಮತ್ತೆ ಬಗ್ಗಿ ಹೆಕ್ಕಿಕೊಳ್ಳುವುದು ನನಗೆ ಕಾಣಿಸಿತು.

ನಾಟಕ ಏರುತ್ತ ಹೋಯಿತು. ತಂಗಿಯನ್ನು ಗವಿಗೆ ಎಳೆದೊಯ್ದರು. ರಾಜನ ಮಗ ಬೇಡಿಕೊಂಡ, ರಾಜ ಕೇಳಲಿಲ್ಲ. ಕುರುಡ ಕಾಲಜ್ಞಾನಿ ಬಂದು, ನಿನ್ನ ಹಟಕ್ಕೆ ನಿನ್ನ ಮಗನೇ ಬಲಿ ಎಂದು ಹೇಳಿ ಹೋದ. ಕುಂಬಳಬೀಜದ ಸದ್ದು ನಿಂತಿತ್ತು. ಇಲ್ಲಿ ರಾಜ ಮೊದಲ ಬಾರಿಗೆ ಅಳುಕಿ, ಮೇಳದವರ ಕಡೆ ತಿರುಗಿ ಬುದ್ಧಿ ಕೇಳಬೇಕು. ಎರಡೂವರೆ ಸಾವಿರ ವರ್ಷ ಹಿಂದೆಯೇ ಆ ನಾಟಕಕಾರ ಹಾಗೆ ಬರೆದಿಟ್ಟಿದ್ದಾನೆ. ಅದಕ್ಕೂ ಎರಡು ಸಾಲು ನಾನು ಮೊದಲು ಎತ್ತಿಕೊಡಬೇಕಿತ್ತು.

ನನಗೆ ನೆನಪಾಗಲಿಲ್ಲ. ಮಡಿಲಲ್ಲಿ ಸ್ಕ್ರಿಪ್ಟು ಇಲ್ಲ, ಟಾರ್ಚು ಇಲ್ಲ, ಹಿಂದೆ ಯಾರೂ ಇಲ್ಲ. ಮಾತು ಮರೆತವರ ಮುಖ ಹೇಗಿರುತ್ತದೆಂದು ಸಾವಿರ ಸಲ ನೋಡಿದವಳು, ಅದು ಒಳಗಿನಿಂದ ಹೇಗಿರುತ್ತದೆಂದು ಅಂದು ತಿಳಿದೆ.

ಶೆಟ್ಟರು ಕಾದರು. ನನ್ನ ಕಣ್ಣು ನೋಡಿ ಅವರಿಗೆ ಗೊತ್ತಾಯಿತು. ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡು, ನನ್ನ ಮುಂದೆ ಬಂದು ನಿಂತರು. ರಾಜನ ಗಂಟಲು ಬಿಟ್ಟು ನೌಪಾಡಾದ ತಮ್ಮ ಸ್ವಂತ ಗಂಟಲಿನಲ್ಲಿ ಕೇಳಿದರು.

“ನನಗೆ ಗೊತ್ತಾಗುದಿಲ್ಲ. ಎಂತ ಮಾಡ್ಲಿ? ನೀವು ಹೇಳಿ. ನೀವು ಹೇಳಿದ ಹಾಗೆ ಮಾಡ್ತೇನೆ.”

ಇದೇ ಮಾತನ್ನು ಅವರು ಇಪ್ಪತ್ತೆರಡು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿದ್ದರು, ಕನ್ನಡಕದ ನೆಪ ಹೇಳಿ. ಪುಸ್ತಕದ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ನನ್ನ ತವರಿನ ಮಾತು.

“ಹೋಗ್ರಿ. ಆ ಹುಡುಗಿನ್ನ ಬಿಡಸ್ರಿ. ಸತ್ತಾವಗ ಒಂದ ಹಿಡಿ ಮಣ್ಣ ಕೊಡ್ರಿ. ತಡಾ ಮಾಡಬ್ಯಾಡ್ರಿ.”

ಪಿಸುಮಾತಿಗಿಂತ ದೊಡ್ಡದಿರಲಿಲ್ಲ. ಆದರೆ ತುತ್ತತುದಿಯ ಸಾಲಿನಲ್ಲಿ ಕೂತಿದ್ದ ಎಲೆನಿ, ಒಂದಕ್ಷರ ಅರ್ಥವಾಗದೆಯೇ, ಬಾಯಿಗೆ ಕೈ ಹಚ್ಚಿಕೊಂಡದ್ದು ನನಗೆ ಕಾಣಿಸಿತು. ಶೆಟ್ಟರು ಓಡಿದರು. ನಾಟಕದಲ್ಲಿ ರಾಜ ತಡವಾಗಿ ತಲುಪುತ್ತಾನೆ. ಹುಡುಗಿ ಸತ್ತಿರುತ್ತಾಳೆ, ಮಗ ಸಾಯುತ್ತಾನೆ, ರಾಣಿಯೂ ಸಾಯುತ್ತಾಳೆ. ಶೆಟ್ಟರು ಮಗನನ್ನು ಎತ್ತಿಕೊಂಡು ಬಂದಾಗ ಅವರಿಗೆ ಯಾವ ಸಾಲನ್ನೂ ಎತ್ತಿಕೊಡಬೇಕಾಗಲಿಲ್ಲ. ಅಲ್ಲಿ ಮಾತೇ ಆಡಲಿಲ್ಲ ಅವರು, ಅತ್ತರು.

ಮುಗಿದ ಮೇಲೆ ದಾಡಿಯ ಪ್ರಾಧ್ಯಾಪಕರೊಬ್ಬರು ಅದಿತಿಯ ಕೈ ಹಿಡಿದು ಕುಲುಕಿದರು. ಜನರು ಬಾಯಿಗೆ ಹಾಕದ ಹೊರತು ಮಾತೇ ಹೊರಡದ ರಾಜ! ಅಧಿಕಾರದ ಬಗ್ಗೆ ಇಷ್ಟು ಸೂಕ್ಷ್ಮ ವ್ಯಾಖ್ಯಾನವನ್ನು ಇಲ್ಲಿ ಯಾರೂ ಮಾಡಿರಲಿಲ್ಲ, ಇದರ ಹಿಂದೆ ಎಷ್ಟು ವರ್ಷದ ಅಧ್ಯಯನವಿದೆ ಎಂದು ಕೇಳಿದರು. ಅದಿತಿ ಕಣ್ಣು ಮಿಟುಕಿಸದೆ ಇಪ್ಪತ್ತೆರಡು ವರ್ಷ ಎಂದಳು. ಆಗ ಅವಳಿಗೆ ಇಪ್ಪತ್ತೇಳು.

ಎಲ್ಲರೂ ಊಟಕ್ಕೆ ಹೊರಟರು. ಶೆಟ್ಟರು ಬಣ್ಣ ಒರೆಸಿಕೊಳ್ಳುತ್ತ ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದರು. ನಾನೂ ಹೋಗಿ ಕೂತೆ. ಕಲ್ಲು ಇನ್ನೂ ಬೆಚ್ಚಗಿತ್ತು.

“ನಿಮಗೆ ಗೊತ್ತಾಯ್ತಲ್ಲ” ಎಂದರು.

“ಏನ್ರಿ?” ಎಂದೆ, ಎಷ್ಟು ಸಾಧ್ಯವೋ ಅಷ್ಟು ಮುಗ್ಧಳಾಗಿ.

“ನಟನೆ ಮಾಡ್ಬೇಡಿ ಮೇಡಂ. ನಿಮಗೆ ಬರುದಿಲ್ಲ.”

ಇಬ್ಬರೂ ನಕ್ಕೆವು. ಆಮೇಲೆ ಅವರು ತಾವಾಗಿಯೇ ಹೇಳಿದರು. ಶಾಲೆಗೆ ಐದು ವರ್ಷ ಹೋದದ್ದು ಹೌದು. ಆದರೆ ಅಕ್ಷರಗಳು ನಿಲ್ಲುವುದೇ ಇಲ್ಲವಂತೆ, ಇರುವೆಯ ಸಾಲಿನ ಹಾಗೆ ಓಡುತ್ತವಂತೆ. ಮೇಷ್ಟ್ರು ಹೊಡೆದರು, ಇರುವೆಗಳು ನಿಲ್ಲಲಿಲ್ಲ. ಅಂಕಿಗಳು ಮಾತ್ರ ಹೇಗೋ ನಿಲ್ಲುತ್ತವೆ, ಅದರಲ್ಲಿ ಹೊಟೇಲು ನಡೆಯಿತು. ಹೆಂಡತಿಗೆ ಗೊತ್ತು, ಮತ್ತಾರಿಗೂ ಗೊತ್ತಿಲ್ಲ. ಕನ್ನಡ ಓದಲು ಬರುವುದಿಲ್ಲವೆಂದು ಅದಿತಿ ನಗುತ್ತ ಹೇಳಿಕೊಳ್ಳುವಾಗ ತಮಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರು. ಈಗಲೂ ಕಲಿಯಬಹುದು, ನಾನು ಹೇಳಿಕೊಡುತ್ತೇನೆ ಎಂದೆ. ಅವರು ಎಲೆನಿಯ ಹಾಗೆ ಹುಬ್ಬೆತ್ತಿ ತಲೆ ಹಿಂದಕ್ಕೆ ಎಸೆದರು.

ನೌಪಾಡಾ

ಬಂದ ಮೇಲೆ ಈ ಪ್ರವಾಸ ಬರೆಯಬೇಕೆನಿಸಿತು. ಆದರೆ ನಿಂಬೆ ಗಿಡದ ಕೆಳಗಿನದನ್ನು ಬಿಟ್ಟು ಬರೆದರೆ ಉಳಿಯುವುದು ಸೌತೆಕಾಯಿ ಮಾತ್ರ. ಅದನ್ನು ಬರೆಯಲು ನನಗೆ ಹಕ್ಕಿಲ್ಲ. ಹಾಗಾಗಿ ಒಂದು ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ, ಶೆಟ್ಟರ ಹೊಟೇಲಿಗೆ ಹೋಗಿ ಕೇಳಿದೆ. ಹೆಸರು, ಗುರುತು ಎಲ್ಲ ಬದಲಿಸುತ್ತೇನೆ, ಆದರೂ ನೀವು ಬೇಡವೆಂದರೆ ಬರೆಯುವುದಿಲ್ಲ ಎಂದೆ.

ಅವರು ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸತೊಡಗಿದರು. ಒಂದು ಮೇಜಿನವರು ಎದ್ದು ಹೋದರು, ಇನ್ನೊಂದು ಮೇಜಿಗೆ ನೀರು ಬಂತು. ಮಕ್ಕಳು ಓದಿ ಬೇಸರ ಮಾಡಿಕೊಂಡಾರೇನೋ ಎಂದು ನಾನೇ ಕೇಳಿದೆ.

“ಅವರಿಗೆ ಕನ್ನಡ ಓದ್ಲಿಕ್ಕೆ ಎಲ್ಲಿ ಬರ್ತದೆ ಮೇಡಂ, ಇಂಗ್ಲಿಷ್ ಮೀಡಿಯಂ” ಎಂದರು. ಮತ್ತೆ ಸ್ವಲ್ಪ ಯೋಚಿಸಿ, ಮೀಸೆಯಡಿ ನಗು ತಡೆದುಕೊಂಡು, “ಬರೀರಿ. ನಾನಂತೂ ಓದುದಿಲ್ಲ” ಎಂದರು.